ಹಿಮದೂರಿನ ಬಾಡಿಗೆ ಅಡುಗೆಮನೆ

ಹಿಮ ಹಾಲಿನಂತೆ ಬೆಳ್ಳಗಿರುತ್ತದೆ ಎನ್ನುವವರು ಅದನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿರಬೇಕು. ನಾನು ನೋಡಿದ ಹಿಮ ಪಾರ್ಕಿಂಗ್ ಲಾಟಿನಲ್ಲಿ ಕಾರುಗಳ ಹೊಗೆ ಕುಡಿದು ಕಪ್ಪಾಗಿತ್ತು, ನಾಯಿಗಳ ದಯೆಯಿಂದ ಅಲ್ಲಲ್ಲಿ ಹಳದಿಯಾಗಿತ್ತು, ಬೂಟಿನ ತಳಕ್ಕೆ ಮೆತ್ತಿಕೊಂಡು ರೊಚ್ಚೆಯಾಗಿ ಮನೆಯೊಳಗೂ ಬಂದಿತ್ತು. ತಾಹೋ ಸರೋವರದ ಹತ್ತಿರದ ಆ ಸ್ಕೀ ಊರನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ತೊಳೆಸುತ್ತದೆ. ಅದರಲ್ಲಿ ಹಿಮದ ಪಾಲು ಕಡಿಮೆ ಎಂದು ಮೊದಲೇ ಹೇಳಿಬಿಡುತ್ತೇನೆ, ಪಾಪ ಅದರ ಮೇಲೆ ಯಾಕೆ ಗೂಬೆ ಕೂರಿಸಲಿ.

ಡಾಟ್‌ಕಾಂ ಜ್ವರ ಏರಿದ್ದ ಕಾಲ ಅದು. ನಾವು ಅಮೆರಿಕದ ಫ್ರೀಮಾಂಟಿನಲ್ಲಿದ್ದೆವು. ನನ್ನ ಗಂಡ ಕೊಲ್ಲಿಯ ಆಚೆ ದಡದ ಒಂದು ಪುಟ್ಟ ಕಂಪನಿಗೆ ಹೋಗುತ್ತಿದ್ದರು. ಆ ಕಂಪನಿ ಏನು ಮಾರುತ್ತದೆ ಎಂದು ಕೇಳಿದರೆ ಅವರೇ ತಡವರಿಸುತ್ತಿದ್ದರು, ಷೇರು ಪೇಟೆಗೆ ಇಳಿಯುವ ಐಪಿಒ ಯಾವಾಗ ಎಂದು ಕೇಳಿದರೆ ಮಾತ್ರ ನಿದ್ದೆಗಣ್ಣಿನಲ್ಲೂ ಉತ್ತರ ಬರುತ್ತಿತ್ತು. ಅವರ ಟೀಮಿನ ಲೀಡು ಬೆಂಗಳೂರಿನ ಜಯನಗರದ ಮನುಷ್ಯ. ಆತನ ಹೆಂಡತಿಯನ್ನು ನಾನು ಮನಸ್ಸಿನಲ್ಲಿ ಜಯನಗರದಾಕೆ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ನಮ್ಮ ಕನ್ನಡದವರ ಗುಂಪಿನಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಯಾರು ಹುಳಿ ತರಬೇಕು, ಯಾರು ಬರೀ ಚಿಪ್ಸು ತಂದರೆ ಸಾಕು, ಎಲ್ಲವೂ ಆಕೆಯ ಬಾಯಿಂದಲೇ ಬರಬೇಕು. ನನ್ನ ಪಾಲಿಗೆ ಯಾವಾಗಲೂ ಚಿಪ್ಸು, ಪೇಪರ್ ತಟ್ಟೆ, ಸೋಡಾ. ಕಾರಣ ಕೇಳುವಷ್ಟು ದಡ್ಡಿ ನಾನಲ್ಲ. ನಾವು ಮಂಗಳೂರಿನ ಕಡೆಯ ತುಳುವರು, ಮೀನು ತಿನ್ನುವವರು.

ಕ್ರಿಸ್‌ಮಸ್ ರಜೆಗೆ ಹಿಮ ನೋಡಲು ಹೋಗುವುದೂ ಆಕೆಯ ತೀರ್ಮಾನವೇ. ಆಗತಾನೇ ಹುಟ್ಟಿದ್ದ ಯಾವುದೋ ವೆಬ್‌ಸೈಟಿನಲ್ಲಿ, ಕಲ್ಲಿನ ಒಲೆಯ ಮುಂದೆ ಕೆಂಪು ಕಂಬಳಿ ಹಾಸಿದ ಫೋಟೋ ನೋಡಿ, ಸ್ಕೀ ಊರಿನ ಒಂದು ಚಿಕ್ಕ ಅಪಾರ್ಟ್‌ಮೆಂಟನ್ನು ರಜೆಗೆ ಬಾಡಿಗೆ ಹಿಡಿದಳು. ಆರು ಜನರಿಗೆ ಎಂದು ಬರೆದಿದ್ದ ಜಾಗಕ್ಕೆ ನಾವು ಎಂಟು ಜನ: ಜಯನಗರದ ಗಂಡ ಹೆಂಡತಿ, ಅವರ ಮಗಳು, ಹೊಸದಾಗಿ ಮದುವೆಯಾಗಿ ಬಂದಿದ್ದ ಧಾರವಾಡದ ಜೋಡಿ, ನಾವಿಬ್ಬರು, ನನ್ನ ಅಮ್ಮ.

ಅಮ್ಮನ ವಿಷಯ ಹೇಳದಿದ್ದರೆ ಮುಂದಿನದ್ದಕ್ಕೆ ಅರ್ಥವಿಲ್ಲ. ಊರಿನಲ್ಲಿ ಅವಳಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಗಾಯ ಮಾಯಿತು, ಆದರೆ ಊಟದ ಮೇಲಿನ ಆಸೆ ಅದರ ಜೊತೆಗೇ ಹೋಯಿತು. ನನ್ನ ಹತ್ತಿರ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಅವಳನ್ನು ಗುರುತಿಸಲು ನನಗೆ ಒಂದು ಗಳಿಗೆ ಬೇಕಾಯಿತು. ರವಿಕೆಯ ತೋಳು ತೋಳಿಗಿಂತ ದೊಡ್ಡದಾಗಿತ್ತು. ಚಪಾತಿ ಮಾಡಿದೆ, ಪಾಸ್ತಾ ಮಾಡಿದೆ, ಸೂಪು ಮಾಡಿದೆ, ಎಲ್ಲವನ್ನೂ ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿ ಎದ್ದುಬಿಡುತ್ತಿದ್ದಳು. ಏನು ಹೋಗುತ್ತದೋ ಅದನ್ನು ಕೊಡಿ, ಇನ್ನೂ ತೂಕ ಇಳಿದರೆ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕೊನೆಗೆ ಫ್ರೀಮಾಂಟಿನ ಚೀನೀ ಅಂಗಡಿಯಲ್ಲಿ ಒಣ ಸಿಗಡಿ ಸಿಕ್ಕಿತು. ಬಾಣಲೆಯಲ್ಲಿ ಗರಿಗರಿಯಾಗಿ ಹುರಿದು, ತೆಂಗಿನತುರಿ, ಒಣಮೆಣಸು, ಹುಣಸೆ, ಬೆಳ್ಳುಳ್ಳಿ ಹಾಕಿ ಪುಡಿಪುಡಿಯಾಗಿ ಚಟ್ನಿ ಮಾಡಿ ಕುಚ್ಚಲಕ್ಕಿ ಗಂಜಿಯ ಬದಿಗೆ ಇಟ್ಟೆ. ಅಮ್ಮ ಮೊದಲ ಬಾಯಿ ಇಟ್ಟವಳು ತಲೆ ಎತ್ತಲೇ ಇಲ್ಲ. ಬಟ್ಟಲು ಖಾಲಿಯಾದ ಮೇಲೆ, "ಇನ್ನು ಸ್ವಲ್ಪ ಉಂಟಾ?" ಎಂದು ಕೇಳಿದಳು. ನಾನು ಬಚ್ಚಲಿಗೆ ಹೋಗಿ ಅತ್ತೆ. ಅಂದಿನಿಂದ ಅವಳು ಬದುಕಿದ್ದು ಆ ಚಟ್ನಿಯ ಬಾಟಲಿಯ ಮೇಲೆ. ಬೇರೆ ಯಾವುದೂ ಗಂಟಲಿನಿಂದ ಇಳಿಯುತ್ತಿರಲಿಲ್ಲ.

ಹಾಗಾಗಿ ಹಿಮದೂರಿಗೂ ಬಾಟಲಿ ಬಂತು. ಕುಚ್ಚಲಕ್ಕಿಯೂ, ಗಂಜಿ ಬೇಯಿಸುವ ನಮ್ಮದೇ ಪಾತ್ರೆಯೂ ಬಂದವು. ಚಟ್ನಿ ಮನೆಯಲ್ಲೇ ಮಾಡಿದ್ದು, ಅಲ್ಲಿ ಏನನ್ನೂ ಹುರಿಯುವ ಮಾತೇ ಇರಲಿಲ್ಲ.

ಫೋಟೋದಲ್ಲಿದ್ದ ಕೆಂಪು ಕಂಬಳಿ ಅಲ್ಲಿರಲಿಲ್ಲ. ಬಾಗಿಲು ತೆರೆದ ಕೂಡಲೇ ಮುಖಕ್ಕೆ ಹೊಡೆದದ್ದು ಒದ್ದೆ ನೆಲಹಾಸು, ಹಳೆಯ ಕಾಲುಚೀಲ, ಮುಚ್ಚಿಟ್ಟ ಬೀರಿನ ವಾಸನೆ. ಕಂದು ಬಣ್ಣದ ಉದ್ದ ನೂಲಿನ ಕಾರ್ಪೆಟ್ಟು, ಅದರ ಬುಡದಲ್ಲಿ ಯಾರದೋ ಪಾಪ್‌ಕಾರ್ನು. ಗೋಡೆಯ ಮೇಲೆ ಒಂದು ಜಿಂಕೆಯ ತಲೆ, ಅದರ ಒಂದು ಕಣ್ಣಿನ ಗಾಜು ಬಿದ್ದುಹೋಗಿತ್ತು. ಸ್ನಾನದ ಜಾಗದ ಜಾಲರಿಯಲ್ಲಿ ಹೊಂಬಣ್ಣದ ಕೂದಲಿನ ಉಂಡೆ. ನಾನು ಕಡ್ಡಿಯಿಂದ ಅದನ್ನು ಎಳೆದರೆ ಬಂದಿತು, ಬಂದಿತು, ಬರುತ್ತಲೇ ಇತ್ತು. ಮಡಚುವ ಸೋಫಾವನ್ನು ಬಿಡಿಸಿದಾಗ ಒಳಗಿನ ಚಾದರದ ಮೇಲಿದ್ದ ಕಲೆಯನ್ನು ನೋಡಿ ಧಾರವಾಡದ ಹುಡುಗಿ, "ಇದರ ಮ್ಯಾಲೆ ನಾವು ಮಲಕೊಳ್ಳೋದೇನ್ರೀ?" ಎಂದು ಗಂಡನನ್ನು ಕೇಳಿದಳು. ಆತ, "ಒಂದೆರಡು ದಿನದ್ದು ಬಿಡು" ಎಂದು ಅದರ ಮೇಲೆ ತನ್ನ ಸ್ವೆಟರು ಹಾಸಿದ.

ಜಯನಗರದಾಕೆ ಮಾತ್ರ ನೇರ ಅಡುಗೆಮನೆಗೆ ನಡೆದಳು. ಕಾರಿನಿಂದ ಆಕೆಯ ಸಾಮಾನು ಇಳಿಯಿತು ನೋಡಿ: ಕುಕ್ಕರು, ಒಗ್ಗರಣೆ ಸೌಟು, ಅರಿಶಿನದ ಡಬ್ಬ, ಹುಳಿಪುಡಿ, ಮೆಂತ್ಯದ ಹಿಟ್ಟು, ಕೂಲರಿನಲ್ಲಿ ರುಬ್ಬಿದ ದೋಸೆ ಹಿಟ್ಟಿನ ದೊಡ್ಡ ಡಬ್ಬ, ಒಂದು ಉದ್ದ ಸುರುಳಿ ಅಲ್ಯೂಮಿನಿಯಂ ಫಾಯಿಲು. "ಇವರೆಲ್ಲ ಏನೇನ್ ತಿಂದಿರ್ತಾರೋ ಈ ಜಾಗದಲ್ಲಿ, ದೇವರಿಗೇ ಗೊತ್ತು," ಎಂದು ಮೂಗು ಮುರಿಯುತ್ತ, ಕಪಾಟಿನ ಪ್ರತಿಯೊಂದು ಹಲಗೆಗೂ ಫಾಯಿಲು ಹೊದಿಸಿದಳು. ಒಲೆಯ ಸುತ್ತ ಹೊದಿಸಿದಳು. ಆ ಅಡುಗೆಮನೆ ಸಂಜೆಯ ಹೊತ್ತಿಗೆ ಸಿಹಿತಿಂಡಿಯ ಡಬ್ಬದ ಒಳಗಿನ ಹಾಗೆ ಮಿನುಗಿತು. ದೋಸೆ ಹಿಟ್ಟು ಚಳಿಗೆ ಹುದುಗದಿದ್ದರೆ ಎಂದು ಅದನ್ನು ಗೋಡೆಯ ಹೀಟರಿನ ಪಕ್ಕ ಇಟ್ಟು, ಮಗುವಿಗೆ ಹೊದಿಸುವಂತೆ ಟವೆಲು ಹೊದಿಸಿದಳು. ಅದೇ ಹೀಟರಿನ ಮೇಲೆ ಗಂಡಸರು ಒದ್ದೆ ಕಾಲುಚೀಲ ಒಣಹಾಕಿದ್ದರು. ಅದು ಆಕೆಯ ಮೂಗಿಗೆ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಗೊತ್ತಾದದ್ದು, ಊರನ್ನೆಲ್ಲ ಹೊತ್ತು ತಂದಾಕೆ ದೋಸೆ ತವಾ ಮರೆತಿದ್ದಳು. ಗಂಡ ರೇಗಿದ. ಮಗಳು, "ಐ ವಾಂಟ್ ದೋಸಾ!" ಎಂದು ನೆಲಕ್ಕೆ ಕಾಲು ಬಡಿದಳು. ಜಯನಗರದಾಕೆ ಒಲೆಯ ಕೆಳಗಿನ ಅಡ್ಡಪೆಟ್ಟಿಗೆ ಎಳೆದು ಆ ಮನೆಯವರದ್ದೇ ಒಂದು ಎರಕದ ಕಬ್ಬಿಣದ ಬಾಣಲೆಯನ್ನು ಹೊರತೆಗೆದಳು. ಕಪ್ಪಗೆ, ಭಾರವಾಗಿ, ಎಣ್ಣೆ ಹಚ್ಚಿದ ಜಡೆಯ ಹಾಗೆ ಹೊಳೆಯುತ್ತಿತ್ತು. ಒಂದು ಪೇಪರ್ ಟವೆಲಿನಿಂದ ಒರೆಸಿ, "ಹೊಸದೇ ಇರಬೇಕು," ಎಂದು ಒಲೆಯ ಮೇಲಿಟ್ಟಳು. ಅದರ ಮೇಲೆ ದೋಸೆ ಎದ್ದದ್ದನ್ನು ನಾನು ಮರೆಯಲಾರೆ. ಅಂಚು ತಾನಾಗಿ ಬಿಟ್ಟುಕೊಂಡು, ಕೆಂಪಗೆ, ಕಾಗದದ ಹಾಗೆ ಬಂದವು. ಧಾರವಾಡದ ಹುಡುಗ, "ಏ ಏನ್ ದ್ವಾಶಿರೀ ಇವು, ಭಾರಿ ಆಗ್ಯಾವ!" ಎಂದು ಲೆಕ್ಕವಿಲ್ಲದೆ ತಿಂದ. "ನಮ್ಮಜ್ಜಿ ಮನೆ ಕಾವಲಿ ಹಿಂಗೇ ಇತ್ತು ಕಣ್ರೀ," ಎಂದು ಜಯನಗರದಾಕೆ ಸೌಟು ಹಿಡಿದೇ ಬೀಗಿದಳು. ಅಮ್ಮ ಅರ್ಧ ದೋಸೆ ಮುರಿದು ಬಾಯಿಗಿಟ್ಟು, ಉಳಿದ ಅರ್ಧವನ್ನು ನನ್ನ ತಟ್ಟೆಗೆ ಹಾಕಿದಳು. ಅವಳಿಗೆ ಬೇಕಾದದ್ದು ಬಾಟಲಿಯಲ್ಲಿತ್ತು.

ತಿಂಡಿಯಾದ ಮೇಲೆ ಎಲ್ಲರೂ ಸ್ಕೀ ಬೂಟು ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆವು. ಅಲ್ಲಿ ಸಾಲಾಗಿ ನಿಲ್ಲಿಸಿದ ಬೂಟುಗಳೊಳಗೆ ಹಿಂದಿನವರ ಬೆವರು ಇನ್ನೂ ಬೆಚ್ಚಗಿತ್ತು. ಒಂದಕ್ಕೆ ಕಾಲು ತೂರಿದೆ, ಒಳಗೆ ಯಾವುದೋ ಅಂಟಿದಂತಾಗಿ ಕಿತ್ತುಕೊಂಡು ಹೊರಗೆ ಬಂದೆ. ಕಪಾಟಿಗೆ ಫಾಯಿಲು ಹೊದಿಸಿದ ಜಯನಗರದಾಕೆ ಕಂಡವರ ಬೆವರಿನೊಳಗೆ ಎರಡೂ ಪಾದ ಇಳಿಬಿಟ್ಟು, ಬಕಲು ಹಾಕಿಸಿಕೊಂಡು, ಫೋಟೋಗೆ ನಕ್ಕಳು. ನಾನು ಅಮ್ಮನನ್ನು ಕರೆದುಕೊಂಡು ಗಂಜಿ ಬೇಯಿಸಲು ವಾಪಸು ಬಂದೆ.

ಅವರು ಮಧ್ಯಾಹ್ನ ಊಟಕ್ಕೆಂದು ಮೂಗು ಕೆಂಪು ಮಾಡಿಕೊಂಡು ಬರುವುದಕ್ಕೂ, ನಾನು ಅಮ್ಮನ ಬಟ್ಟಲಿಗೆ ಗಂಜಿ ಬಡಿಸಿ ಬಾಟಲಿಯ ಮುಚ್ಚಳ ತೆರೆಯುವುದಕ್ಕೂ ಸರಿಹೋಯಿತು. ಮಗಳು ಬಾಗಿಲಲ್ಲೇ ನಿಂತು, "ಇವ್ವ್, ಮಾಮ್! ಸಂಥಿಂಗ್ ಡೈಡ್!" ಎಂದು ಮೂಗು ಹಿಡಿದುಕೊಂಡಳು. ತಾಯಿ ಅವಳನ್ನು ಗದರಲಿಲ್ಲ. ನಿಧಾನವಾಗಿ ಗ್ಲೌಸು ಬಿಚ್ಚಿ, ಮುಖದ ತುಂಬ ನಗು ತಂದುಕೊಂಡು ಅಮ್ಮನ ಹತ್ತಿರ ಬಂದಳು. ನನಗೆ ಆ ನಗುವಿನ ಮೇಲೆ ಇರುವಷ್ಟು ಸಿಟ್ಟು ಬೈಗುಳದ ಮೇಲೂ ಇಲ್ಲ.

"ಆಂಟೀ, ತಪ್ಪು ತಿಳ್ಕೋಬೇಡಿ. ಮನೆ ಚಿಕ್ಕದು ನೋಡಿ, ಸ್ಮೆಲ್ಲು ಹೋಗೋದೇ ಇಲ್ಲ. ಹೊರಗೆ ಡೆಕ್ ಮೇಲೆ ಕೂತ್ಕೊಂಡ್ರೆ ನಿಮಗೂ ಆರಾಮು. ವ್ಯೂನೂ ತುಂಬಾ ಚೆನ್ನಾಗಿದೆ."

"ಹೊರಗೆ ಎಷ್ಟು ಚಳಿ ಇದೆ ಗೊತ್ತಲ್ಲ ನಿಮಗೆ?" ಎಂದೆ. ನನ್ನ ದನಿ ಏರಿತ್ತು.

"ಬಿಸಿಲಿದೆಯಲ್ಲ ರೀ."

ನಾನು ಗಂಡನ ಮುಖ ನೋಡಿದೆ. ಮದುವೆಯ ಹೊಸತರಲ್ಲಿ ಮೀನಿಲ್ಲದೆ ತುತ್ತು ಇಳಿಯದ ಮನುಷ್ಯ ಇದು. ಆಫೀಸಿನ ಈ ಗುಂಪು ಸೇರಿದ ಮೇಲೆ, "ನಾವೂ ಅಷ್ಟೇನೂ ತಿನ್ನಲ್ಲ, ಅಪರೂಪಕ್ಕೆ," ಎನ್ನಲು ಶುರುಮಾಡಿದ್ದರು. ಈಗಲೂ, "ಅಮ್ಮನಿಗೆ ಎಲ್ಲಿ ಅನುಕೂಲವೋ ಅಲ್ಲಿ..." ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ತಮ್ಮ ದಪ್ಪ ಜಾಕೆಟ್ಟು ತಂದು ಅಮ್ಮನಿಗೆ ಹೊದಿಸಿದರು. ಆ ಜಾಕೆಟ್ಟನ್ನು ಅವರ ಮುಖಕ್ಕೇ ಎಸೆಯಬೇಕು ಅನ್ನಿಸಿತು. ಅಷ್ಟರಲ್ಲಿ ಅಮ್ಮ ಬಟ್ಟಲು ಹಿಡಿದು ಎದ್ದಾಗಿತ್ತು.

ಡೆಕ್ ಎಂದರೆ ಮರದ ಹಲಗೆಯ ಒಂದು ಮೊಗಸಾಲೆ, ಎರಡು ಪ್ಲಾಸ್ಟಿಕ್ ಕುರ್ಚಿ ಹಿಡಿಯುವಷ್ಟು. ಕುರ್ಚಿಯ ಮೇಲಿದ್ದ ಹಿಮವನ್ನು ನಾನು ಕೈಯಿಂದ ತಳ್ಳಿದೆ. ವ್ಯೂ ಎಂದರೆ ಪಾರ್ಕಿಂಗ್ ಲಾಟು, ಅದರಾಚೆ ಕರಡಿಗಳು ತೆರೆಯಲಾಗದಂತೆ ಕಬ್ಬಿಣದ ಮುಚ್ಚಳ ಹಾಕಿದ ಕಸದ ಪೆಟ್ಟಿಗೆ. ನಾವು ಕೂತ ಕೂಡಲೇ ಹಿಂದಿನಿಂದ ಗಾಜಿನ ಬಾಗಿಲು ಜಾರಿಸಿ ಮುಚ್ಚಿದ ಸದ್ದಾಯಿತು. ಚಳಿ ಒಳಗೆ ಬರಬಾರದಲ್ಲ. ತಿರುಗಿ ನೋಡಿದರೆ ಒಳಗೆ, ಬೆಳಿಗ್ಗೆಯೇ ಮಾಡಿಟ್ಟಿದ್ದ ಬಿಸಿಬೇಳೆಬಾತಿಗೆ ತುಪ್ಪ ಹಾಕುತ್ತಿದ್ದರು. ಸೀರೆಯ ಮೇಲೆ ಅಳಿಯನ ಜಾಕೆಟ್ಟು, ಕಿವಿಯವರೆಗೆ ಉಣ್ಣೆಯ ಟೊಪ್ಪಿ ಹಾಕಿದ ಅಮ್ಮ, ಗಂಜಿ ಕೆನೆಗಟ್ಟುವುದರೊಳಗೆ ಮುಗಿಸಬೇಕೆಂದು ಗಬಗಬ ತಿನ್ನುತ್ತಿದ್ದಳು. ಚಳಿಗೆ ಬೆರಳು ಸೆಟೆದು ಚಟ್ನಿ ಉದುರುತ್ತಿತ್ತು.

ನಾನೂ ಅಮ್ಮನೂ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮುಖ ಯಾಕೆ ಊದಿಸಿದ್ದೀ?" ಎಂದಳು. "ಅವರ ಮೂಗು ಅವರದ್ದು. ಮಾಡುವುದೆಂತ."

"ನಿನಗೆ ಬೇಜಾರಿಲ್ಲವಾ?"

"ಹೊಟ್ಟೆಗೆ ಹೋಗ್ತದಲ್ಲ, ಸಾಕು."

ಆದರೆ ಬಟ್ಟಲಿನಲ್ಲಿ ಕಾಲು ಭಾಗ ಉಳಿಯಿತು. ಅಷ್ಟು ವಾರಗಳಲ್ಲಿ ಅವಳು ಗಂಜಿ ಉಳಿಸಿದ್ದು ಅದೇ ಮೊದಲು. ಅದನ್ನು ನೋಡಿ ನನಗೆ ಒಳಗೆ ಕೂತವರೆಲ್ಲರ ಮೇಲೆ, ಅವರ ತುಪ್ಪದ ಮೇಲೆ, ತಟ್ಟೆ ಹಿಡಿದು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ ನನ್ನ ಗಂಡನ ಮೇಲೆ ವಾಕರಿಕೆ ಬಂತು.

ಊಟವಾದ ಮೇಲೆ ಅವರು ಮತ್ತೆ ಹಿಮಕ್ಕೆ ಇಳಿದರು. ನಾವಿಬ್ಬರೇ ಉಳಿದೆವು. ಸುಮ್ಮನೆ ಕೂರಲಾರದ ಅಮ್ಮ ಪಾತ್ರೆಗಳಿಗೆ ಕೈಹಾಕಿದಳು. ಡಿಶ್‌ವಾಷರ್ ಇದೆ ಬಿಡು ಎಂದರೆ ಕೇಳಲಿಲ್ಲ. ಬೆಳಗಿನ ಬಾಣಲೆಯನ್ನು ಬಿಸಿನೀರಿಗೆ ಹಿಡಿದವಳು ಒಮ್ಮೆಲೇ ನಿಂತು, ಅದನ್ನು ಮೂಗಿನ ಹತ್ತಿರ ತಂದಳು.

"ಇದು ಎಂತದ್ದು ವಾಸನೆ, ನೋಡು."

ಒಗ್ಗರಣೆಯ ಇಂಗಿನಡಿ, ದೋಸೆಯ ಎಣ್ಣೆಯಡಿ, ಬಿಸಿನೀರು ಬಿದ್ದ ಮೇಲೆ ಒಂದು ಹೊಗೆಹೊಗೆಯಾದ, ಸಿಹಿಯಾದ ಜಿಡ್ಡಿನ ವಾಸನೆ ಎದ್ದಿತ್ತು. ಫ್ರೀಮಾಂಟಿನಲ್ಲಿ ನಮ್ಮ ಕೆಳಗಿನ ಅಮೆರಿಕನ್ನರ ಮನೆಯಿಂದ ಭಾನುವಾರ ಬೆಳಿಗ್ಗೆ ಮೇಲೆ ಬರುತ್ತಿದ್ದ ವಾಸನೆ ಅದು. ನಾನು ಒಲೆಯ ಪಕ್ಕದ ಕಪಾಟು ತೆರೆದು ತಡಕಿದೆ. ಹಿಂದಿನ ಮೂಲೆಯಲ್ಲಿ, ಬಾಯಿಗೆ ಫಾಯಿಲು ಅಮುಕಿದ ಒಂದು ಕಾಫಿ ಡಬ್ಬವಿತ್ತು. ಬಿಡಿಸಿ ನೋಡಿದರೆ ಬೆಳ್ಳಗೆ ಗಟ್ಟಿಯಾದ ಕೊಬ್ಬು, ಅದರ ನಡುವೆ ಕರಕಲಾದ ಮಾಂಸದ ಚೂರು. ಹಂದಿಮಾಂಸ ಹುರಿದು, ಬಸಿದ ಕೊಬ್ಬನ್ನು ಡಬ್ಬದಲ್ಲಿ ಕೂಡಿಟ್ಟು, ಅದನ್ನೇ ಬಾಣಲೆಗೆ ತಿಕ್ಕಿ ತಿಕ್ಕಿ ಆ ಮನೆಯವರು ಅದಕ್ಕೆ ಆ ಹೊಳಪು ತಂದಿದ್ದರು. ಅಜ್ಜಿ ಮನೆಯ ಕಾವಲಿಯ ಗುಟ್ಟು ಇದು!

ನಾನು ನಗಲು ಶುರುಮಾಡಿದವಳು ನೆಲಕ್ಕೆ ಕುಸಿದೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. "ಸಂಜೆ ಬರಲಿ, ಡಬ್ಬವನ್ನು ಮೇಜಿನ ನಡುವೆ ಇಡ್ತೇನೆ," ಎಂದೆ. "ಇಲ್ಲ, ಇಡುವುದಿಲ್ಲ. ನಾಳೆ ಬೆಳಿಗ್ಗೆ ಇನ್ನೊಮ್ಮೆ ದೋಸೆ ತಿನ್ನಲಿ, ಆಮೇಲೆ ಇಡ್ತೇನೆ."

ಅಮ್ಮನಿಗೆ ನಗು ಬರಲಿಲ್ಲ. ಅವಳು ಒದ್ದೆ ಕೈಯನ್ನೇ ನನ್ನ ಬಾಯಿಗೆ ಅಡ್ಡ ಹಿಡಿದಳು.

"ಸುಮ್ಮನಿರು. ಗೊತ್ತಿಲ್ಲದೆ ತಿಂದದ್ದಕ್ಕೆ ಅವರಿಗೆ ದೋಷ ಇಲ್ಲ. ಗೊತ್ತಿದ್ದು ತಿನ್ನಿಸಿದರೆ ದೋಷ ನಮಗೆ."

"ನಿನ್ನನ್ನು ಹೊರಗೆ ಹಾಕಿದವರು ಅಮ್ಮ ಅವರು!"

"ಅದು ಬೇರೆ, ಇದು ಬೇರೆ. ಆ ಮಗು ತಿನ್ನುವುದಿಲ್ಲವಾ? ಆ ಧಾರವಾಡದ ಹುಡುಗಿ ಬೆಳಿಗ್ಗೆ ದೇವರಿಗೆ ಕೈಮುಗಿಯದೆ ಕಾಫಿ ಸಹ ಕುಡಿಯುವುದಿಲ್ಲ. ಯಾರಿಗೂ ಹೇಳಬೇಡ. ಹೇಳಿದರೆ ನನ್ನ ಮೇಲೆ ಆಣೆ."

ಅಷ್ಟು ಹೇಳಿ ಅವಳು ಬಾಣಲೆಗೆ ಮುಷ್ಟಿ ಉಪ್ಪು ಸುರಿದಳು, ಸೋಪು ಸುರಿದಳು, ಸ್ಟೀಲಿನ ನಾರು ಹಿಡಿದು ಉಜ್ಜಲು ನಿಂತಳು. ಊದಿದ ಬೆರಳು, ಸಣಕಲು ತೋಳು. ಕೊಡು ಎಂದರೆ ಕೊಡಲಿಲ್ಲ. ಕರಿ ನೀರು ಇಳಿಯುತ್ತಲೇ ಇತ್ತು. ಕೊನೆಗೆ ಬಾಣಲೆ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿದ ಮೇಲೆ, ಮೂಸಿ ನೋಡಿ, ಒಲೆಯ ಮೇಲೆ ಒಣಗಿಸಿ, ಇದ್ದ ಜಾಗದಲ್ಲೇ ಇಟ್ಟಳು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಅಮ್ಮನ ಒಳ್ಳೆಯತನವನ್ನು ನೋಡಿಯೂ ನನಗೆ ಅಸಹ್ಯವಾಯಿತು. ಒದೆಯುವ ಕಾಲಿಗೆ ಎಣ್ಣೆ ತಿಕ್ಕುವುದೂ ಒಂದು ಗುಣವೇ?

ಆ ಸಂಜೆ ಪೂರ್ತಿ ಗುಟ್ಟು ನನ್ನ ಬಾಯಲ್ಲಿ ಬಿಸಿ ತುಪ್ಪವಾಗಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಗಂಡಸರು ಕಾರ್ಪೆಟ್ಟಿನ ಮೇಲೆ ಇಸ್ಪೀಟು ಹರಡಿಕೊಂಡು ಕಂಪನಿ ಕೊಟ್ಟ ಸ್ಟಾಕ್ ಆಪ್ಷನ್ಸಿನ ಮಾತಾಡುತ್ತಿದ್ದರು. ಜಯನಗರದ ಮನುಷ್ಯ, ಐಪಿಒ ಆದ ಮೇಲೆ ಇಂಥದ್ದೇ ಒಂದು ಅಪಾರ್ಟ್‌ಮೆಂಟನ್ನು ತಾನೇ ಕೊಂಡುಬಿಡುತ್ತೇನೆ ಎಂದ. ನನ್ನ ಗಂಡ ತಲೆಯಾಡಿಸಿದರು. ಕೋಣೆಗೆ ಬಂದಾಗ, "ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ. ಎಲ್ಲ ಅವನ ಕೈಯಲ್ಲಿದೆ," ಎಂದು ಪಿಸುಗುಟ್ಟಿದರು. ನಾನು ಗೋಡೆಗೆ ಮುಖ ಮಾಡಿ ಮಲಗಿದೆ.

ಮರುದಿನ ಬೆಳಿಗ್ಗೆ ಆಗಬೇಕಾದದ್ದೇ ಆಯಿತು. ಮೊದಲ ದೋಸೆ ಬಾಣಲೆಗೆ ಕಚ್ಚಿಕೊಂಡಿತು. ಎರಡನೆಯದು ಹರಿದು ಚಿಂದಿಯಾಯಿತು. ಜಯನಗರದಾಕೆ ಎಣ್ಣೆ ಸುರಿದಳು, ಈರುಳ್ಳಿ ಕತ್ತರಿಸಿ ತಿಕ್ಕಿದಳು, ಮೂರನೆಯದನ್ನು ಕೆರೆದು ಕೆರೆದು ತೆಗೆದಳು. ಬಾಣಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಎಲ್ಲರೂ ನೋಡುವ ಹಾಗೆ, ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಇದನ್ನ ಯಾರು ಮುಟ್ಟಿದ್ದು?"

"ನಾನು ತೊಳೆದೆ," ಎಂದಳು ಅಮ್ಮ ಕನ್ನಡದಲ್ಲಿ.

"ಆಂಟೀ, ನಾನೇನೂ ಅಂತಿಲ್ಲ. ಆದ್ರೆ ಇದರಲ್ಲಿ ಏನಾದ್ರೂ ಹುರಿದ್ರಾ?"

"ಇಲ್ಲ. ಹುರಿಯಲಿಲ್ಲ."

"ಮತ್ತೆ ಇಷ್ಟು ಉಜ್ಜಿದ್ದು ಯಾಕೆ? ಏನೂ ಹುರೀದೆ ಯಾರಾದ್ರೂ ಹಿಂಗೆ ಉಜ್ತಾರಾ?"

ಅಮ್ಮನ ಹತ್ತಿರ ಉತ್ತರವಿತ್ತು. ಅದನ್ನು ಹೇಳಿದರೆ ಅಲ್ಲಿದ್ದವರೆಲ್ಲ ನಿನ್ನೆಯ ದೋಸೆಯನ್ನು ಕಕ್ಕಬೇಕಿತ್ತು. ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅವಳ ಕೈ ನನ್ನ ಮೊಣಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ ಉಗುರು ನಾಟಿತು.

"ತಪ್ಪಾಯ್ತು," ಎಂದಳು ಅಮ್ಮ.

ಅಷ್ಟು ಸಾಕಾಯಿತು. ಜಯನಗರದಾಕೆ ಉಳಿದ ಹಿಟ್ಟಿನ ಡಬ್ಬದ ಮುಚ್ಚಳ ಒತ್ತಿ, "ಎಲ್ರೂ ಬ್ರೆಡ್ ತಿನ್ನೋಣ ಬಿಡಿ," ಎಂದು ನಿಟ್ಟುಸಿರಿಟ್ಟಳು. ಆಮೇಲೆ ಎದ್ದುಹೋಗಿ ಮನೆಯ ಎಲ್ಲ ಕಿಟಕಿಗಳನ್ನೂ ತೆರೆದಳು. ಹಿಮದ ಗಾಳಿ ಒಳಗೆ ನುಗ್ಗಿತು. ಮಗಳು ಜಾಕೆಟ್ಟು ಹಾಕಿಕೊಂಡು, "ಇಟ್ ಸ್ಟಿಲ್ ಸ್ಮೆಲ್ಸ್," ಎಂದಳು. "ಹೋಗ್ಲಿ ಬಿಡ್ರೀ ಅತ್ಲಾಗ, ಹೊಟ್ಟಿಗೆ ಏನರೆ ಆದ್ರ ಆತು," ಎಂದ ಧಾರವಾಡದ ಹುಡುಗ. ಅವನ ಹೆಂಡತಿ ತಲೆ ತಗ್ಗಿಸಿ ಬ್ರೆಡ್ಡಿನ ಅಂಚು ಕೀಳುತ್ತ ಕೂತಳು. ನನ್ನ ಗಂಡ ಜಾಮಿನ ಬಾಟಲಿಯ ಮೇಲೆ ಬರೆದದ್ದನ್ನು ಓದುತ್ತಿದ್ದರು.

ಅಮ್ಮ ಕೋಣೆಗೆ ಹೋದಳು. ಚಟ್ನಿಯ ಬಾಟಲಿ ತಂದು ಕಸದ ಚೀಲಕ್ಕೆ ಹಾಕಿದಳು, ಚೀಲದ ಬಾಯಿಗೆ ಎರಡು ಗಂಟು ಹಾಕಿದಳು, ಚಪ್ಪಲಿಯಲ್ಲೇ ಹೊರಗೆ ನಡೆದಳು. ನಾನು ಓಡಿ ಹಿಂದೆ ಹೋಗುವಷ್ಟರಲ್ಲಿ ಅವಳು ಆ ಕರಡಿ ಪೆಟ್ಟಿಗೆಯ ಮುಂದೆ ನಿಂತು, ಮುಚ್ಚಳದ ಕೊಕ್ಕೆ ಹೇಗೆ ತೆರೆಯುವುದೆಂದು ತಿಳಿಯದೆ ತಡಕಾಡುತ್ತಿದ್ದಳು.

"ಬೇಡ ಅಮ್ಮ. ನಿನಗೆ ತಿನ್ನಲಿಕ್ಕೆ ಬೇರೆ ಏನಿದೆ?"

"ತೆಗೆದುಕೊಡು," ಎಂದಳು. "ಮೊದಲು ಇದು ಹೋಗಲಿ."

ನಾನು ತೆಗೆಯಲಿಲ್ಲ. ಅವಳೇ ಹೇಗೋ ಕೊಕ್ಕೆ ಎತ್ತಿ, ಚೀಲ ಹಾಕಿ, ಮುಚ್ಚಳ ಬೀಳಿಸಿದಳು. ಹಿಮದಲ್ಲಿ ಅವಳ ಕಾಲ್ಬೆರಳು ನೀಲಿಗಟ್ಟಿತ್ತು.

ಫ್ರೀಮಾಂಟಿಗೆ ಮರಳಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಹೊಸ ಸಿಗಡಿ ತಂದೆ. ಹುರಿಯಲು ಒಲೆ ಹಚ್ಚಿದರೆ ಅಮ್ಮ ಬಂದು ಆರಿಸಿದಳು. "ಪಕ್ಕದ ಮನೆಯವರು ಎಂತ ತಿನ್ನುವವರು?" ಎಂದು ಕೇಳಿದಳು. ಮರುದಿನ, "ಎದುರಿನ ಮನೆಯವರು ಆಂಧ್ರದವರಲ್ಲವಾ?" ಎಂದು ಕೇಳಿದಳು. ಹೊರಗಿನ ವರಾಂಡದಲ್ಲಿ ಯಾರದಾದರೂ ಹೆಜ್ಜೆ ಸಪ್ಪಳವಾದರೆ ಗಂಜಿಯ ಬಟ್ಟಲನ್ನು ಸೆರಗಿನಲ್ಲಿ ಮುಚ್ಚುತ್ತಿದ್ದಳು. ಅದರಲ್ಲಿ ಬರೀ ಉಪ್ಪು, ನಿಂಬೆ ಉಪ್ಪಿನಕಾಯಿ. ನಾಲ್ಕು ತುತ್ತಿಗೆ ಕೈ ತೊಳೆಯುತ್ತಿದ್ದಳು. ಫ್ರೀಮಾಂಟಿನ ಡಾಕ್ಟರು ತೂಕ ನೋಡಿ ನನ್ನನ್ನು ಹೊರಗೆ ಕರೆದು ಗದರಿದರು. ನನಗೆ ದಿನವಿಡೀ ಕೆನ್ನೆ ಉರಿಯುತ್ತಿತ್ತು. ಒಂದು ಹೆಂಗಸು ಮೂಗು ಮುರಿದದ್ದಕ್ಕೆ ನನ್ನ ಅಮ್ಮ ನನ್ನ ಮನೆಯಲ್ಲೇ ಹಸಿದು ಕೂತಿದ್ದಳು.

ಜನವರಿಯ ಕೊನೆಗೆ ಒಂದು ಮಧ್ಯಾಹ್ನ ಫೋನು ಬಂತು. ಅಮ್ಮ ಮೇಜಿನ ಆ ಬದಿಯಲ್ಲಿ ಗಂಜಿ ಕಲಸುತ್ತ ಕೂತಿದ್ದಳು.

"ಫೆಬ್ರವರೀಲಿ ಪ್ರೆಸಿಡೆಂಟ್ಸ್ ಡೇ ಲಾಂಗ್ ವೀಕೆಂಡಿಗೆ ಅದೇ ಅಪಾರ್ಟ್‌ಮೆಂಟು ಸಿಗತ್ತೆ ಕಣ್ರೀ, ಬುಕ್ ಮಾಡ್ಲಾ?" ಜಯನಗರದಾಕೆಯ ದನಿಯಲ್ಲಿ ಏನೂ ಆಗೇ ಇಲ್ಲವೆಂಬ ಉತ್ಸಾಹವಿತ್ತು. "ಈ ಸಲ ನಮ್ಮ ತವಾನೇ ತಗೊಂಡೋಗ್ತೀನಿ. ಅವರ ಪ್ಯಾನ್ ಹಾಳಾಗೋಯ್ತಲ್ಲ, ಎಷ್ಟು ಚೆನ್ನಾಗಿತ್ತು."

ಅಮ್ಮನ ಆಣೆ ಅವತ್ತಿಗೆ ಮುಗಿಯಿತು.

"ಆ ಪ್ಯಾನನ್ನು ನನ್ನ ಅಮ್ಮ ಯಾಕೆ ಉಜ್ಜಿದಳು ಹೇಳಲಾ? ಅದು ಹಂದಿ ಹುರಿಯುವ ಪ್ಯಾನು. ಕೊಬ್ಬಿನ ಡಬ್ಬ ಅಲ್ಲೇ ಕಪಾಟಿನಲ್ಲಿತ್ತು. ನಿಮಗೆ ಮೈಲಿಗೆ ಆಗಬಾರದು ಅಂತ ಉಜ್ಜಿದಳು. ಹೇಳಿದರೆ ನಿಮಗೆ ಅಸಹ್ಯ ಆಗ್ತದೆ ಅಂತ ಬೈಸಿಕೊಂಡಳು."

ಕೂಗುತ್ತಾಳೆ, ಅಳುತ್ತಾಳೆ, ಬಚ್ಚಲಿಗೆ ಓಡುತ್ತಾಳೆ ಎಂದು ನಾನು ಕಾದೆ. ಆಸೆಯಿಂದಲೇ ಕಾದೆ.

"ಗೊತ್ತು," ಎಂದಳು ತಗ್ಗಿದ ದನಿಯಲ್ಲಿ. "ಆ ಡಬ್ಬ ನಾನು ಮೊದಲ್ನೇ ದಿನಾನೇ ನೋಡಿದ್ದೆ. ಫಾಯಿಲ್ ಮುಚ್ಚಿ ಹಿಂದಕ್ಕೆ ತಳ್ಳಿದ್ದೇ ನಾನು."

ಡಬ್ಬದ ಬಾಯಿಗೆ ಅಮುಕಿದ ಫಾಯಿಲು ನನ್ನ ಕಣ್ಣ ಮುಂದೆ ಬಂತು. ಆ ಮನೆಯಲ್ಲಿ ಫಾಯಿಲಿನ ಸುರುಳಿ ಇದ್ದದ್ದು ಒಬ್ಬಳ ಕೈಯಲ್ಲಿ ಮಾತ್ರ.

"ಏನ್ ಮಾಡ್ಲಿ ಹೇಳಿ, ತವಾ ಮರೆತಿದ್ದೆ, ಅಷ್ಟು ಜನಕ್ಕೆ ತಿಂಡಿ ಆಗ್ಬೇಕಿತ್ತು. ಬೆಂಕಿ ಮೇಲಿಟ್ಟ ಮೇಲೆ ಎಲ್ಲಾ ಶುದ್ಧಾನೇ ಅಲ್ವಾ? ನಮ್ಮನೆಯವ್ರಿಗೆ ಮಾತ್ರ ಹೇಳ್ಬೇಡಿ ಪ್ಲೀಸ್."

"ಹಾಗಾದರೆ ನನ್ನ ಅಮ್ಮನ ಚಟ್ನಿ? ಅದೂ ಬೆಂಕಿಯ ಮೇಲೇ ಆದದ್ದು."

"ಅಯ್ಯೋ ಅದು ಬೇರೆ ಕಣ್ರೀ," ಎಂದಳು. ನನಗೆ ತಿಳಿಯುತ್ತಿಲ್ಲವಲ್ಲ ಎಂಬ ಕನಿಕರ ಇತ್ತು ಆ ದನಿಯಲ್ಲಿ. "ಅವರು ಅಮೆರಿಕನ್ಸು. ಅವರ ಊಟ ಅವರದ್ದು, ಅದಕ್ಕೆ ಯಾರೇನ್ ಮಾಡಕ್ಕಾಗತ್ತೆ. ನಮ್ಮೋರೇ ನಮ್ಮ ಮಧ್ಯೆ ಕೂತು ಅದನ್ನ ತಿಂದ್ರೆ ಒಂಥರಾ ಆಗತ್ತೆ, ಅಷ್ಟೇ."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರೆ. ಈಕೆ ಕಣ್ಣು ತೆರೆದೇ ಕುಡಿದು, ಬಾಯಿ ಒರೆಸಿಕೊಂಡು, ನನ್ನ ಅಮ್ಮನ ಬಾಯಿ ಮೂಸಿದಳು. ಅದಕ್ಕೆ ನಮ್ಮೋರು ಎಂಬ ಹೆಸರು ಬೇರೆ. ನಾನು ಫೋನು ಇಟ್ಟೆ. ಅವರ ಕಂಪನಿ, ಆ ವೆಬ್‌ಸೈಟು, ನನ್ನ ಗಂಡನ ಐಪಿಒ ಕನಸು, ಎಲ್ಲ ಮುಂದೆ ಒಂದಾದ ಮೇಲೊಂದು ಮುಳುಗಿದಾಗ ಜನ ಅತ್ತರು. ನನಗೆ ಅಂಥ ದುಃಖವೇನೂ ಆಗಲಿಲ್ಲ.

"ಯಾರು?" ಎಂದಳು ಅಮ್ಮ.

"ಅವಳಿಗೆ ಮೊದಲೇ ಗೊತ್ತಿತ್ತಂತೆ ಅಮ್ಮ. ಡಬ್ಬ ಮುಚ್ಚಿಟ್ಟದ್ದೇ ಅವಳಂತೆ."

ಅಮ್ಮನ ಕೈ ಗಂಜಿಯಲ್ಲೇ ನಿಂತಿತು. ಕೇಳಿದ್ದು ಒಂದೇ ಮಾತು.

"ಗೊತ್ತಿದ್ದು ಮಗುವಿಗೆ ಕೊಟ್ಟಳಾ?"

ನಾನು ಎದ್ದು ಮನೆಯ ಕಿಟಕಿಗಳನ್ನೆಲ್ಲ ತೆರೆದೆ, ವರಾಂಡದ ಕಡೆಯದ್ದನ್ನೂ ತೆರೆದೆ. ಒಲೆ ಹಚ್ಚಿ, ಬಾಣಲೆ ಇಟ್ಟು, ಕಪಾಟಿನಲ್ಲಿ ಹಾಗೇ ಬಿದ್ದಿದ್ದ ಸಿಗಡಿಯನ್ನು ಸುರಿದೆ. ಚಿಮಣಿಯ ಫ್ಯಾನು ಹಾಕಲಿಲ್ಲ. ವಾಸನೆ ಎದ್ದಿತು, ಎದುರಿನ ಮನೆಗೆ ಹೋಗಲಿ, ಬೆರ್ರಿಯೆಸಾದ ಜಯನಗರದಾಕೆಯ ಮನೆಯವರೆಗೆ ಹೋಗಲಿ ಎಂದುಕೊಂಡು ಕೈಯಾಡಿಸಿದೆ. ಈ ಸಲ ಅಮ್ಮ ಬಂದು ಒಲೆ ಆರಿಸಲಿಲ್ಲ. ಬಿಸಿ ಚಟ್ನಿಯನ್ನು ಅವಳ ಬಟ್ಟಲಿನ ಬದಿಗೆ ಹಾಕಿದೆ.

ಅಮ್ಮ ಒಂದು ಚಿಟಿಕೆ ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ ಅಗಿದಳು. ಆಮೇಲೆ ಎದ್ದಳು. ಎಡಗೈಯಿಂದ ಒಂದೊಂದಾಗಿ ಕಿಟಕಿಗಳನ್ನು ಎಳೆದು ಮುಚ್ಚಿದಳು, ವರಾಂಡದ ಕಡೆಯದ್ದರ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ತಳ್ಳಿ ನೋಡಿದಳು. ಬಂದು ಕೂತು, ಬಟ್ಟಲು ಖಾಲಿಯಾಗುವವರೆಗೆ ಉಂಡಳು.